ಬ್ಯಾಕ್‌ಸೀಟ್ ನಿಷೇಧ

ಇನ್ನು ಮುಂದೆ ಈ ಮನೆಯಲ್ಲಿ, ಒಂದು ಕೆಲಸವನ್ನು ತಮ್ಮ ಕೈಯಾರೆ ಮಾಡದವರು ಆ ಕೆಲಸದ ಬಗ್ಗೆ ತುಟಿ ಬಿಚ್ಚಕೂಡದು ಎಂದು ಸೀಟಿ ಸಾಹೇಬರು ಭಾನುವಾರ ಸಂಜೆ ಹಾಲಿನ ನಟ್ಟನಡುವೆ ನಿಂತು ಘೋಷಿಸಿದರು. ಕಾಲಲ್ಲಿ ಬೂಟು, ಬೂಟಿನಲ್ಲಿ ಮೈದಾನದ ಅರ್ಧ ಕೆಸರು, ಮುಖದಲ್ಲಿ ಯುದ್ಧ ಸಾರುವ ಚಕ್ರವರ್ತಿಯ ಕಳೆ. ಕೇಳಲು ಇದ್ದ ಪ್ರಜೆಗಳು ಇಬ್ಬರೇ: ಹೆಂಡತಿ, ಮತ್ತು ಹೆಂಡತಿಯ ತಾಯಿ.

"ಮೊದಲು ಬೂಟು ಬಿಚ್ಚಿ" ಎಂದಳು ಹೆಂಡತಿ. "ಈಗ ತಾನೇ ನೆಲ ಒರೆಸಿದ್ದೀನಿ."

ಸಾಹೇಬರು ಎಂದರೆ ನಿಜವಾದ ಸಾಹೇಬರೇನಲ್ಲ. ವಾರವಿಡೀ ಅಂಚೆ ಕಚೇರಿಯಲ್ಲಿ ಸೀಲು ಹೊಡೆಯುವವರು, ಭಾನುವಾರ ಫುಟ್‌ಬಾಲ್ ಮೈದಾನದಲ್ಲಿ ಸೀಟಿ ಊದುವವರು. ಸೀಲು ಹೊಟ್ಟೆಪಾಡಿಗೆ, ಸೀಟಿ ಆತ್ಮಸಂತೋಷಕ್ಕೆ. ಕಪ್ಪು ಅಂಗಿ, ಕಪ್ಪು ಚಡ್ಡಿ ತೊಟ್ಟು, ಎದೆಯ ಜೇಬಿನಲ್ಲಿ ಒಂದು ಹಳದಿ ಕಾರ್ಡು, ಒಂದು ಕೆಂಪು ಕಾರ್ಡು ಇಟ್ಟುಕೊಂಡು ಹೊರಟರೆಂದರೆ ಬೀದಿಯ ನಾಯಿಗಳೂ ದಾರಿ ಬಿಡುತ್ತಿದ್ದವು. ಅವರಿಗೆ ಆ ಹೆಸರಿಟ್ಟಿದ್ದು ಬೀದಿಯ ಕ್ಷೌರಿಕ. ತಮಾಷೆಗೆ ಇಟ್ಟಿದ್ದು, ಅವರು ಅದನ್ನು ಬಿರುದೆಂದೇ ತಿಳಿದಿದ್ದರು.

ಆ ದಿನದ ಸಿಟ್ಟಿಗೆ ಕಾರಣ ಗ್ಯಾಲರಿ. ಸೆಮಿಫೈನಲ್ ಪಂದ್ಯದುದ್ದಕ್ಕೂ ಗ್ಯಾಲರಿಯಲ್ಲೊಬ್ಬ ದಢೂತಿ ಮನುಷ್ಯ ಕಡಲೆಕಾಯಿ ಸುಲಿಯುತ್ತಾ "ರೆಫರಿಗೆ ಕನ್ನಡಕ ಕೊಡಿಸ್ರೋ" ಎಂದು ಕೂಗುತ್ತಿದ್ದ. ಸೀಟಿ ಊದಿದರೆ ಯಾಕೆ ಊದಿದೆ, ಊದದಿದ್ದರೆ ಯಾಕೆ ಊದಲಿಲ್ಲ. ಅವನು ಜನ್ಮದಲ್ಲಿ ಒಮ್ಮೆಯಾದರೂ ಸೀಟಿ ಕಚ್ಚಿಕೊಂಡು ಓಡಿದ್ದಾನೆಯೇ? ಇಪ್ಪತ್ತೆರಡು ಗೂಳಿಗಳ ನಡುವೆ ನಿಂತು ತೀರ್ಪು ಕೊಟ್ಟಿದ್ದಾನೆಯೇ? ಕಡಲೆಕಾಯಿ ಸಿಪ್ಪೆಯನ್ನೇ ನೆಟ್ಟಗೆ ಬುಟ್ಟಿಗೆ ಹಾಕಲು ಬಾರದವನು ಆಫ್‌ಸೈಡ್ ಬಗ್ಗೆ ಪಾಠ ಮಾಡುತ್ತಾನೆ! ಸಾಹೇಬರ ರಕ್ತ ಕುದಿಯಿತು. ಆದರೆ ನಿಯಮ ಪುಸ್ತಕದಲ್ಲಿ ಗ್ಯಾಲರಿಗೆ ಕಾರ್ಡು ತೋರಿಸುವ ಅವಕಾಶವಿಲ್ಲ. ಹಾಗಾಗಿ ಕುದಿಯುವ ರಕ್ತವನ್ನು ಹಾಗೇ ಮನೆಗೆ ಹೊತ್ತು ತಂದಿದ್ದರು.

ಕಾಯಿದೆಗೆ ಹೆಸರು ಸಿಕ್ಕಿದ್ದು ಮರುದಿನ. ಅಂಚೆ ಕಚೇರಿಯಲ್ಲಿ ಪಕ್ಕದ ಕೌಂಟರಿನ ಸಹೋದ್ಯೋಗಿ, ಇಂಗ್ಲಿಷ್ ಪದಬಂಧ ಬಿಡಿಸುವ ಚಟದವನು, ಇವರ ಗೋಳನ್ನೆಲ್ಲ ಕೇಳಿ, "ಅದಕ್ಕೆ ಇಂಗ್ಲಿಷ್‌ನಲ್ಲಿ ಒಂದು ಮಾತೇ ಇದೆ ಸಾರ್. ಬ್ಯಾಕ್‌ಸೀಟ್ ಮಾಡೋದು ಅಂತ. ಹಿಂದಿನ ಸೀಟಲ್ಲಿ ಆರಾಮಾಗಿ ಕೂತ್ಕೊಂಡು, ಮುಂದೆ ಗಾಡಿ ಓಡಿಸೋನಿಗೆ ಬುದ್ಧಿ ಹೇಳ್ತಾರಲ್ಲ, ಅದು" ಎಂದ.

ಸಾಹೇಬರಿಗೆ ಕಳೆದುಹೋದ ಸ್ವಂತ ಆಸ್ತಿ ಸಿಕ್ಕಷ್ಟು ಖುಷಿಯಾಯಿತು. ಇಡೀ ಪ್ರಪಂಚದ ಮೇಲೆ ತಮಗಿದ್ದ ದೂರಿಗೆ ಒಂದೇ ಪದ! ಆ ದಿನ ಸೀಲುಗಳೂ ಹೆಚ್ಚು ಜೋರಾಗಿ ಬಿದ್ದವು.

ಸಂಜೆ ಮನೆಯಲ್ಲಿ ಬ್ಯಾಕ್‌ಸೀಟ್ ನಿಷೇಧ ಕಾಯಿದೆ ಅಧಿಕೃತವಾಗಿ ಜಾರಿಯಾಯಿತು. ಎರಡೂ ಕಾರ್ಡುಗಳನ್ನು ಮೇಜಿನ ಮೇಲಿಟ್ಟು ಸಾಹೇಬರು ವಿವರಿಸಿದರು.

"ಮಾಡದೇ ಇರೋ ಕೆಲಸದ ಬಗ್ಗೆ ಬಾಯಿ ಹಾಕಿದ್ರೆ ಹಳದಿ ಕಾರ್ಡು. ಅದು ಎಚ್ಚರಿಕೆ. ಎರಡು ಹಳದಿ ಆದ್ರೆ ಕೆಂಪು. ಕೆಂಪು ಬಿದ್ರೆ ಬಾಲ್ಕನಿಗೆ."

"ಬಾಲ್ಕನಿಯಲ್ಲಿ ಎಷ್ಟೊತ್ತು?" ಎಂದು ಅತ್ತೆ ಕೇಳಿದರು.

"ಆಟ ಮುಗಿಯೋವರೆಗೆ."

"ಯಾವ ಆಟ?"

ಅದಕ್ಕೆ ಕಾಯಿದೆಯಲ್ಲಿ ಉತ್ತರವಿರಲಿಲ್ಲ. ಸಾಹೇಬರು ಕಾರ್ಡುಗಳನ್ನು ಜೇಬಿಗಿಳಿಸಿದರು.

ಹೆಂಡತಿ ಮೇಜು ಒರೆಸತೊಡಗಿದಳು. ಅವಳು ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ಬಾಯಿ ಪೂರ್ತಿ ತೆರೆದಿದ್ದರೂ ಮಾತಾಡಲಾಗದೆ ಒದ್ದಾಡುವವರನ್ನು ದಿನವೂ ನೋಡುವವಳು. ಈಗ ಮನೆಯಲ್ಲೂ ಅದೇ ಪರಿಸ್ಥಿತಿ ಬಂತಲ್ಲ ಎಂದುಕೊಂಡಿರಬೇಕು.

ಕಾಯಿದೆ ಮಾಡಿದವರು ಕೈಯಾರೆ ಏನನ್ನಾದರೂ ಮಾಡಿ ತೋರಿಸಬೇಕಲ್ಲ? ಬಾಗಿಲ ಬಳಿ ಒಂದು ಹಳೇ ಬೆಂಚಿತ್ತು. ಕೂತು ಚಪ್ಪಲಿ, ಬೂಟು ಹಾಕಿಕೊಳ್ಳುವ ಬೆಂಚು. ಎರಡು ಅಗಲವಾದ ಪಟ್ಟಿ, ನಡುವೆ ಒಂದು ಕೈ ತೂರುವಷ್ಟು ಸಂದು, ಕೆಳಗೆ ನಾಲ್ಕು ಕಾಲು. ಬಣ್ಣ ಎದ್ದು ಹೋಗಿತ್ತು. ಪೇಂಟರನ್ನು ಕರೆಸೋಣ ಎಂದು ಹೆಂಡತಿ ಬಹಳ ದಿನದಿಂದ ಹೇಳುತ್ತಿದ್ದಳು. ಪೇಂಟರ್ ಯಾಕೆ? ನಾನಿಲ್ಲವೇ? ಮಂಗಳವಾರ ಸಾಹೇಬರು ಒಂದು ಡಬ್ಬ ಹಳದಿ ಆಯಿಲ್ ಪೇಂಟು, ಒಂದು ಬ್ರಷ್ಷು ತಂದು, ಲುಂಗಿ ಎತ್ತಿ ಕಟ್ಟಿ ಕುಳಿತರು.

"ಹಳೇ ಬಣ್ಣ ಮೊದಲು ಕೆರೀಬೇಕಲ್ವಾ?" ಎಂದರು ಅತ್ತೆ.

"ನೀವು ಯಾವತ್ತಾದ್ರೂ ಬೆಂಚಿಗೆ ಬಣ್ಣ ಹೊಡೆದಿದ್ದೀರಾ, ಅತ್ತೆ?"

"ಇಲ್ಲ."

ಹಳದಿ ಕಾರ್ಡು ಮೇಲೆದ್ದಿತು. ಅತ್ತೆ ಅದನ್ನೇ ದಿಟ್ಟಿಸಿ ನೋಡಿ, "ಬೆಂಚಿಗೂ ಇದೇ ಬಣ್ಣವಾ?" ಎಂದು ಕೇಳಿದರು. ಅದು ಟೀಕೆಯೋ ಪ್ರಶ್ನೆಯೋ ತಿಳಿಯದೆ ಸಾಹೇಬರು ಸುಮ್ಮನೆ ಬಿಟ್ಟರು.

ಡಬ್ಬ ತೆಗೆದರೆ ಪೇಂಟು ಗಟ್ಟಿಯಾಗಿತ್ತು. ತೆಳು ಮಾಡಲು ಟರ್ಪೆಂಟೈನ್ ಬೇಕು, ಅದನ್ನು ತಂದಿರಲಿಲ್ಲ. ಆದರೆ ಸೀಟಿ ಸಾಹೇಬರ ತಲೆ ಸಾಮಾನ್ಯ ತಲೆಯೇ? ಇದು ಆಯಿಲ್ ಪೇಂಟು. ಆಯಿಲ್ ಅಂದರೆ ಎಣ್ಣೆ. ಎಣ್ಣೆ ಅಡುಗೆ ಮನೆಯಲ್ಲಿ ಬೇಕಾದಷ್ಟಿದೆ. ಸೂರ್ಯಕಾಂತಿ ಎಣ್ಣೆಯ ಕ್ಯಾನು ಎತ್ತಿ ತಂದು ಉದಾರವಾಗಿ ಸುರಿದರು.

ಹೆಂಡತಿ ಓಡಿ ಬಂದಳು. "ರೀ, ಅಡುಗೆ ಎಣ್ಣೆ ಸುರೀತಿದ್ದೀರಲ್ಲ! ಅದು ಒಣಗುತ್ತಾ?"

ಅವಳಿಗೂ ಹಳದಿ ಬಿತ್ತು. "ಎಣ್ಣೆ ನನ್ನದು, ಅಡುಗೆ ಮನೆ ನನ್ನದು" ಎಂದು ಅವಳು ವಾದ ಹೂಡಿದಳು. ಎಣ್ಣೆ ನಿನ್ನದಿರಬಹುದು, ಬೆಂಚು ಬಣ್ಣದ ವಿಭಾಗಕ್ಕೆ ಸೇರಿದ್ದು ಎಂದು ಸಾಹೇಬರು ತೀರ್ಪಿತ್ತರು. ಬಣ್ಣ ಬೆಣ್ಣೆಯಂತೆ ಹರಿಯಿತು. ಎಷ್ಟು ನುಣುಪು, ಎಂಥ ಹೊಳಪು! ಈ ಪೇಂಟರುಗಳು ಸುಮ್ಮನೆ ದುಡ್ಡು ಕೀಳುತ್ತಾರೆ ಎಂದು ಅವರಿಗೆ ಅವತ್ತೇ ಖಾತ್ರಿಯಾಯಿತು.

ಬುಧವಾರ ಬೆಂಚು ಒಣಗಿರಲಿಲ್ಲ. ಗುರುವಾರವೂ ಇಲ್ಲ. ಅಂದು ಸಂಜೆ ಅತ್ತೆ ಬಾಯಿ ಬಿಡದೆ ಬೆಂಚನ್ನು ತೋರುಬೆರಳಿನಿಂದ ಮುಟ್ಟಿ, ಹಳದಿಯಾದ ಬೆರಳನ್ನು ಅಳಿಯನ ಮುಖಕ್ಕೆ ಹಿಡಿದರು.

"ಸನ್ನೆಯೂ ಟೀಕೆಯೇ" ಎಂದರು ಸಾಹೇಬರು. "ನಿಯಮ ಪುಸ್ತಕದಲ್ಲಿ ಸ್ಪಷ್ಟವಾಗಿದೆ."

"ಹಾಗಿದ್ರೆ ನಾನೂ ಒಂದು ಕೇಳ್ತೀನಿ. ನೀವು ಆಟಗಾರರಿಗೆ ಇಷ್ಟೊಂದು ತಪ್ಪು ಹಿಡೀತೀರಲ್ಲ, ಅಳಿಯಂದ್ರೇ, ನೀವು ಯಾವತ್ತಾದ್ರೂ ಚೆಂಡು ಒದ್ದಿದ್ದೀರಾ?"

ಸತ್ಯ ಏನೆಂದರೆ ಸಾಹೇಬರು ಒಮ್ಮೆಯೂ ಚೆಂಡು ಒದ್ದವರಲ್ಲ. ಚಿಕ್ಕಂದಿನಲ್ಲಿ ಗುಂಡಗಿದ್ದರು, ಯಾವ ತಂಡದವರೂ ಸೇರಿಸಿಕೊಳ್ಳುತ್ತಿರಲಿಲ್ಲ. ನಿಯಮ ಪುಸ್ತಕ ಬಾಯಿಪಾಠ ಮಾಡಿ, ರೆಫರಿ ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದವರು. ಇದು ಮನೆಯವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಕೇಳುವುದೇ? ಬೇರೆ ದಾರಿ ಕಾಣದೆ ಅವರು ಹಳದಿ ತೋರಿಸಿದರು, ಅದರ ಹಿಂದೆಯೇ ಕೆಂಪು.

ಅತ್ತೆ ಶಾಲು ಹೊದ್ದುಕೊಂಡು ಬಾಲ್ಕನಿಗೆ ನಡೆದರು. ಆ ಹೊತ್ತಿಗೆ ಸರಿಯಾಗಿ ಟಿವಿಯಲ್ಲಿ ಅವರ ಧಾರಾವಾಹಿ ಶುರುವಾಯಿತು. ಮಾಯವಾಗಿದ್ದ ತಂಗಿ ಅಂದೇ ವಾಪಸ್ಸು ಬಂದು ಬಾಗಿಲು ತಟ್ಟುವುದಿತ್ತು. ತಂಗಿ ಒಳಗೆ ಬಾಗಿಲು ತಟ್ಟುತ್ತಿದ್ದರೆ ಅತ್ತೆ ಹೊರಗೆ ಗಾಜು ತಟ್ಟುತ್ತಿದ್ದರು. ಧಾರಾವಾಹಿಯಲ್ಲಿ ಬಾಗಿಲು ತೆರೆಯಿತು.

ಅಲ್ಲಿಂದಾಚೆಗೆ ಮನೆಯಲ್ಲಿ ಶಾಂತಿಯೋ ಶಾಂತಿ. ಇಬ್ಬರೂ ಹೆಂಗಸರು ಬೆಂಚಿನಿಂದ ಮೊಳದೂರ ನಿಂತು, ಗೋಡೆ ಹಿಡಿದುಕೊಂಡು, ಒಂಟಿ ಕಾಲಲ್ಲಿ ಕುಂಟುತ್ತಾ ಚಪ್ಪಲಿ ಹಾಕಿಕೊಂಡರು. ನನ್ನ ಕೆಲಸ ಚೆನ್ನಾಗಿ ಬಂತಲ್ಲ ಎಂಬ ಹೊಟ್ಟೆಕಿಚ್ಚು ಎಂದುಕೊಂಡರು ಸಾಹೇಬರು. ಅವರಿಗೂ ಬೆಂಚಿನ ಕಡೆ ನೋಡುವಷ್ಟು ಬಿಡುವಿರಲಿಲ್ಲ. ಭಾನುವಾರ ಫೈನಲ್. ಅವರು ನಡೆಸಲಿರುವ ಮೊಟ್ಟಮೊದಲ ಫೈನಲ್. ರೆಫರಿಗಳ ಸಂಘದ ಅಧ್ಯಕ್ಷರೇ ಬಂದು ಕೂರುತ್ತಾರೆ, ಕೇಬಲ್ ಟಿವಿಯವರು ನೇರ ಪ್ರಸಾರ ಮಾಡುತ್ತಾರೆ. ಪಂದ್ಯ ಸರಿಯಾಗಿ ನಡೆಸಿಕೊಟ್ಟರೆ ಎದೆಗೆ ಮೊದಲ ದರ್ಜೆಯ ಬ್ಯಾಡ್ಜು. ವರ್ಷಗಟ್ಟಲೆ ಎರಡನೇ ದರ್ಜೆಯ ಬ್ಯಾಡ್ಜು ಚುಚ್ಚಿಕೊಂಡು, ತಮಗಿಂತ ಕಿರಿಯರು ಮುಂದೆ ಹೋಗುವುದನ್ನು ನೋಡುತ್ತಿದ್ದ ಸಾಹೇಬರಿಗೆ ಅದೊಂದು ಸಿಕ್ಕಿದರೆ ಸಾಕಾಗಿತ್ತು.

ಭಾನುವಾರ ಮಧ್ಯಾಹ್ನ ಅಂಗಿಯನ್ನು ಚಡ್ಡಿಯೊಳಗೆ ನೀಟಾಗಿ ಸೇರಿಸಿ, ಕಾಲುಚೀಲ ಮೊಣಕಾಲಿನವರೆಗೆ ಎಳೆದು, ಬೂಟಿನ ದಾರ ಕಟ್ಟಲು ಸಾಹೇಬರು ಬೆಂಚಿನ ಮೇಲೆ ಕುಳಿತರು. ಐದು ದಿನ ಆಗಿತ್ತಲ್ಲ. ಒಣಗದೆ ಏನು ಮಾಡೀತು? ಎರಡೂ ಬೂಟಿಗೆ ಎರಡೆರಡು ಗಂಟು ಹಾಕಿ ಎದ್ದರು. ಏಳುವಾಗ ಚರ್ ಎಂದು ಸದ್ದಾಯಿತು. ಮಂಡಿಗೆ ವಯಸ್ಸಾಯಿತು ಎಂದುಕೊಂಡರು.

ನೀರಿನ ಬಾಟಲಿ ಕೊಡಲು ಬಂದ ಹೆಂಡತಿ ಹಿಂದಿನಿಂದ ಅವರನ್ನು ನೋಡಿ ನಿಂತುಬಿಟ್ಟಳು.

"ರೀ, ನಿಮ್ಮ..."

ಸಾಹೇಬರ ಕೈ ಎದೆಯ ಜೇಬಿಗೆ ಹೋಯಿತು. "ನಿನ್ನ ಹೆಸರಲ್ಲಿ ಈಗಾಗಲೇ ಒಂದು ಹಳದಿ ಇದೆ ಕಣೇ. ನೀನು ಯಾವತ್ತಾದ್ರೂ ಫೈನಲ್‌ಗೆ ಹೊರಟಿದ್ದೀಯಾ?"

"ಇಲ್ಲ."

"ಮತ್ತೆ?"

ಅವಳು ತಾಯಿಯ ಮುಖ ನೋಡಿದಳು. ತಾಯಿ ಬಾಲ್ಕನಿಯ ಕಡೆ ನೋಡಿದರು. ಇಬ್ಬರೂ ಬಾಯಿ ಮುಚ್ಚಿಕೊಂಡರು.

ಮೈದಾನ ಮುಂದಿನ ಬೀದಿಯಲ್ಲೇ ಇತ್ತು. ಸಾಹೇಬರು ನಡೆದೇ ಹೊರಟರು. ಜನ ತಿರುತಿರುಗಿ ನೋಡಿದರು. ಫೈನಲ್ ರೆಫರಿ ಅಂದ ಮೇಲೆ ನೋಡದೆ ಇರುತ್ತಾರೆಯೇ? ಕ್ಷೌರಿಕ ಗಿರಾಕಿಯ ಅರ್ಧ ಗಡ್ಡ ಬಿಟ್ಟು ಬೀದಿಗೆ ಓಡಿ ಬಂದ.

"ಸಾರ್, ಒಂದು ನಿಮಿಷ."

"ನೀನು ಯಾವತ್ತಾದ್ರೂ ರೆಫರಿ ಆಗಿದ್ದೀಯಾ?"

"ಇಲ್ಲ ಸಾರ್, ಆದ್ರೆ..."

"ಹಾಗಾದ್ರೆ ಹೋಗಿ ಆ ಗಡ್ಡ ಮುಗಿಸು."

ಪಂದ್ಯ ಶುರುವಾದ ಕೂಡಲೇ ಗ್ಯಾಲರಿಯೂ ಶುರುವಾಯಿತು. ಇಂಥ ಗದ್ದಲ ಸಾಹೇಬರು ಎಂದೂ ಕೇಳಿರಲಿಲ್ಲ. ಅವರು ಈ ಕಡೆ ಓಡಿದರೆ ಆ ಕಡೆಯವರು ಕೇಕೆ ಹಾಕುತ್ತಾರೆ, ಆ ಕಡೆ ಓಡಿದರೆ ಈ ಕಡೆಯವರು. ಅದೇ ದಢೂತಿ ಮನುಷ್ಯ ಕಡಲೆಕಾಯಿ ಬದಿಗಿಟ್ಟು, ಎದ್ದು ನಿಂತು, "ರೆಫರೀ, ಹಿಂದೆ ನೋಡ್ಕೊಳ್ಳಪ್ಪಾ" ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ನೋಡಿದಿರಾ ಇವನ ಸೊಕ್ಕು? ಚೆಂಡು ಮುಂದಿದೆ, ನಾನು ಹಿಂದೆ ನೋಡಬೇಕಂತೆ! ಪ್ರಳಯವಾದರೂ ಇವತ್ತು ಗ್ಯಾಲರಿಯ ಒಂದು ಮಾತೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ಸಾಹೇಬರು ಹಲ್ಲು ಕಚ್ಚಿ ಓಡಿದರು.

ಮೊದಲು ಹತ್ತಿರ ಬಂದವನು ನೀಲಿ ತಂಡದ ನಾಯಕ. ಮೆಲ್ಲಗೆ, ಮರ್ಯಾದೆಯಿಂದ, "ಸಾರ್, ನಿಮ್ಮ ಚಡ್ಡಿ" ಎಂದ.

ಚಡ್ಡಿ! ರೆಫರಿಯ ಸಮವಸ್ತ್ರದ ಬಗ್ಗೆ ಆಟಗಾರನ ಟೀಕೆ! ಸಾಹೇಬರು ಕಾರ್ಡನ್ನು ಅವನ ಮೂಗಿಗೆ ತಾಗುವಂತೆ ಎತ್ತಿದರು. ಕೆಂಪು ತಂಡದ ಗೋಲ್‌ಕೀಪರ್ ಮಾತಿನ ಅಪಾಯ ಅರಿತು, ತನ್ನ ಚಡ್ಡಿಯ ಹಿಂಭಾಗವನ್ನು ಕೈಯಿಂದ ತಟ್ಟಿ ತೋರಿಸಿದ. ಅಸಭ್ಯ ಸನ್ನೆ ಎಂದು ಅವನಿಗೂ ಹಳದಿ ಬಿತ್ತು. ನೀಲಿ ತಂಡದ ತರಬೇತುದಾರ ಟವೆಲ್ ಹಿಡಿದು ಗೆರೆ ದಾಟಿ ಓಡಿ ಬಂದ, ಪಾಪ, ಸೊಂಟಕ್ಕೆ ಸುತ್ತಲೆಂದು. ಮೈದಾನಕ್ಕೆ ನುಗ್ಗಿದ ಅಪರಾಧಕ್ಕೆ ಅವನನ್ನು ಹೊರಗೇ ಅಟ್ಟಿದರು. ಕೊನೆಗೆ ಲೈನ್ಸ್‌ಮನ್ ಬಾವುಟ ಎತ್ತಿದ. ಸಾಹೇಬರು ಆಟ ನಿಲ್ಲಿಸಿ ಅವನ ಬಳಿ ಹೋದರು.

"ಆಫ್‌ಸೈಡಾ?"

"ಅಲ್ಲ ಸಾರ್. ನಿಮ್ಮ ಹಿಂದುಗಡೆ ಏನೋ..."

"ನೀನು ಯಾವತ್ತಾದ್ರೂ ಫೈನಲ್ ನಡೆಸಿದ್ದೀಯಾ?"

"ಇಲ್ಲ."

"ಬಾವುಟ ಇಳಿಸು."

ಅದಾದ ಮೇಲೆ ಯಾರೂ ಬಾಯಿ ಬಿಡಲಿಲ್ಲ. ಇಪ್ಪತ್ತೆರಡು ಜನ ಆಟಗಾರರೂ ಕೆಳತುಟಿ ಕಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಆಡಿದರು. ಎಂಥ ಶಿಸ್ತು ಎಂದು ಸಾಹೇಬರಿಗೆ ಹೆಮ್ಮೆಯಾಯಿತು. ಕೊನೆಯಲ್ಲೊಂದು ಪೆನಾಲ್ಟಿ ಬಂತು. ಗಣ್ಯರ ಸಾಲಿಗೆ ಬೆನ್ನು ಮಾಡಿ, ಸೊಂಟ ಬಗ್ಗಿಸಿ, ಅವರು ಚೆಂಡನ್ನು ಚುಕ್ಕೆಯ ಮೇಲೆ ತಾವೇ ಇಟ್ಟರು. ಇಡೀ ಗ್ಯಾಲರಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕೊನೆಗೂ ಜನಕ್ಕೆ ತಮ್ಮ ಬೆಲೆ ತಿಳಿಯಿತಲ್ಲ ಎಂದು ಅವರು ಅಂಗಿಯ ಕಾಲರು ಸರಿಮಾಡಿಕೊಂಡರು.

ಬಹುಮಾನ ವಿತರಣೆಯ ಹೊತ್ತಿಗೆ ಪತ್ರಿಕೆಯ ಫೋಟೋಗ್ರಾಫರ್ ಬಂದು, "ಸಾರ್, ಸ್ವಲ್ಪ ಆ ಕಡೆ ತಿರುಗಿ" ಎಂದ. ಯಾಕೆಂದು ಕೇಳುವಷ್ಟರಲ್ಲಿ ಸಂಘದ ಅಧ್ಯಕ್ಷರು ಸಾಹೇಬರನ್ನು ಪಕ್ಕಕ್ಕೆ ಕರೆದೊಯ್ದು, ತಮ್ಮ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಹಸಿರು ಹುಲ್ಲು. ಕಪ್ಪು ಚಡ್ಡಿ. ಚಡ್ಡಿಯ ಮೇಲೆ ಅಡ್ಡಡ್ಡಲಾಗಿ, ಒಂದರ ಕೆಳಗೊಂದು, ಎರಡು ಅಗಲವಾದ ಹಳದಿ ಪಟ್ಟಿ. ನುಣುಪಾಗಿ ಹೊಳೆಯುತ್ತಿದ್ದವು.

ಸಾಹೇಬರು ಬಹಳ ಹೊತ್ತು ನೋಡಿದರು. ಚಡ್ಡಿಯ ಯಜಮಾನ ಬೇರೆ ಯಾರಾದರೂ ಇರಬಹುದೇ ಎಂದು ಮತ್ತೊಮ್ಮೆ ನೋಡಿದರು.

"ನಿಮ್ಮ ತೀರ್ಪು ಒಂದೂ ತಪ್ಪಿಲ್ಲ" ಎಂದರು ಅಧ್ಯಕ್ಷರು. "ಗೋಲು, ಆಫ್‌ಸೈಡು, ಪೆನಾಲ್ಟಿ, ಎಲ್ಲಾ ಸರಿ. ಆದ್ರೆ ಆ ಕಾರ್ಡುಗಳಿವೆಯಲ್ಲ, ಅವನ್ನೆಲ್ಲ ನಾನು ರದ್ದು ಮಾಡಬೇಕಾಗುತ್ತೆ. ಆ ಹುಡುಗರು ನಿಮ್ಮ ಹತ್ರ ವಾದ ಮಾಡೋಕೆ ಬಂದಿರಲಿಲ್ಲ. ನಿಮ್ಮ ಮಾನ ಉಳಿಸೋಕೆ ಬಂದಿದ್ರು."

"ಬ್ಯಾಡ್ಜು, ಸಾರ್?"

"ಒಬ್ಬರ ಮಾತೂ ಕಿವಿಗೆ ಹಾಕ್ಕೊಳ್ಳದವರಿಗೆ ಹೇಗ್ರೀ ಕೊಡೋದು? ಮುಂದಿನ ವರ್ಷ ನೋಡೋಣ."

ಲೈನ್ಸ್‌ಮನ್ ಒಂದು ಮಾತೂ ಆಡದೆ ತನ್ನ ಬಾವುಟ ಬಿಚ್ಚಿ ಕೊಟ್ಟ. ಅದನ್ನು ಸೊಂಟದ ಹಿಂದೆ ಇಳಿಬಿಟ್ಟುಕೊಂಡು ಸಾಹೇಬರು ಮನೆಯ ದಾರಿ ಹಿಡಿದರು. ಅಳು ಬರುವಂತಿತ್ತು. ಆದರೆ ಅಳುವಿಗಿಂತ ಮೊದಲು ಸಿಟ್ಟು ಬಂತು, ಹೆಜ್ಜೆಹೆಜ್ಜೆಗೂ ಏರುತ್ತಾ ಬಂತು. ಕಟ್ಟಿಕೊಂಡ ಹೆಂಡತಿ! ತಾಯಿಯ ಸಮಾನ ಅತ್ತೆ! ಕಣ್ಣಾರೆ ಕಂಡೂ ಗಂಡಸನ್ನು ಈ ಸ್ಥಿತಿಯಲ್ಲಿ ಊರ ಮುಂದೆ ಕಳಿಸುವುದೇ? ಇವರಿಗೆ ಕರುಳೆಂಬುದು ಇಲ್ಲವೇ?

ಬಾಗಿಲು ದೂಡಿ ಒಳಗೆ ಬಂದವರೇ ಗುಡುಗಿದರು. "ನೀನು ನೋಡಿದೆಯಾ ಇಲ್ವಾ?"

"ನೋಡಿದೆ" ಎಂದಳು ಹೆಂಡತಿ.

"ನೋಡಿಯೂ ಸುಮ್ಮನಿದ್ದೆಯಾ?"

"ಸುಮ್ಮನೆಲ್ಲಿದ್ದೆ? ಬಾಯಿ ತೆಗೆದೆ. ನಿಮ್ಮ ಕೈ ಜೇಬಿಗೆ ಹೋಯ್ತು."

"ಹೋದ್ರೆ ಏನು? ಒಂದು ಮಾತು ಹೇಳೋಕೆ ಅಷ್ಟೂ ಧೈರ್ಯ ಇಲ್ವಾ? ಹೆಂಡತಿ ಅಂದ್ರೆ ತಪ್ಪು ಕಂಡಾಗ ಹೇಳಬೇಕು ಕಣೇ!"

"ರೆಫರಿ ಚಡ್ಡಿ ನಾನು ಯಾವತ್ತೂ ಹಾಕಿಲ್ಲವಲ್ಲ" ಎಂದಳು ಅವಳು. ತಮಾಷೆಗೆ ಹೇಳಿದಂತಿರಲಿಲ್ಲ. ಆಮೇಲೆ ಸ್ವಲ್ಪ ಮೆತ್ತಗೆ, "ಬ್ಯಾಡ್ಜು?" ಎಂದು ಕೇಳಿದಳು. ಅವರು ತಲೆ ಅಲ್ಲಾಡಿಸಿದರು. ಅವಳ ಮುಖವೂ ಬಾಡಿತು.

"ಅಳಿಯಂದ್ರೇ" ಎಂದರು ಅತ್ತೆ, ಸೋಫಾದಿಂದ. "ಆ ಬಾವುಟ ಪಕ್ಕಕ್ಕಿಟ್ಟು ಸ್ವಲ್ಪ ತಿರುಗಿ ನಿಂತ್ಕೊಳ್ಳಿ."

ಜಗಳಕ್ಕೆ ಬೇಕಾದ ಉಸಿರು ಅಷ್ಟು ಹೊತ್ತಿಗೆ ಮುಗಿದಿತ್ತು. ಸಾಹೇಬರು ತಿರುಗಿ ನಿಂತರು. ಅತ್ತೆ ಕನ್ನಡಕ ಏರಿಸಿಕೊಂಡು, ಇನ್ನೂ ಪೂರ್ತಿ ಮಾಸದ ಹಳದಿ ಬೆರಳನ್ನು ಚಾಚಿ, ಮೇಲಿನ ಪಟ್ಟಿಯನ್ನು ತೋರಿಸಿ "ಒಂದು" ಎಂದರು. ಕೆಳಗಿನದನ್ನು ತೋರಿಸಿ "ಎರಡು" ಎಂದರು. ಆಮೇಲೆ ಎದ್ದು ಬಂದು, ಅಳಿಯನ ಎದೆಯ ಜೇಬಿನಿಂದ ಕಾರ್ಡುಗಳನ್ನು ತೆಗೆದು, ಕೆಂಪನ್ನು ಆರಿಸಿ ಎತ್ತಿ ಹಿಡಿದರು.

"ನಾನು ಯಾವತ್ತೂ ರೆಫರಿ ಆಗಿಲ್ಲಪ್ಪ" ಎಂದರು. "ಆದ್ರೆ ಎರಡರವರೆಗೆ ಎಣಿಸೋಕೆ ಬರುತ್ತೆ."

ತಾವೇ ಮಾಡಿದ ಕಾಯಿದೆ. ಸಾಹೇಬರು ಬಾಲ್ಕನಿಯ ಬಾಗಿಲು ತೆರೆದುಕೊಂಡರು.

"ಎಷ್ಟೊತ್ತು, ಅತ್ತೆ?"

"ಆಟ ಮುಗಿಯೋವರೆಗೆ."

"ಯಾವ ಆಟ?"

ಅತ್ತೆ ರಿಮೋಟ್ ಒತ್ತಿದರು. ಕೇಬಲ್ ಟಿವಿಯಲ್ಲಿ ಫೈನಲ್ ಪಂದ್ಯದ ಮರುಪ್ರಸಾರ ಆಗ ತಾನೇ ಶುರುವಾಗಿತ್ತು.

ಗಾಜಿನಾಚೆ ನಿಂತು ಸಾಹೇಬರು ನೋಡಿದರು. ಬೇರೆ ದಾರಿ ಇರಲಿಲ್ಲ. ಹಸಿರು ಮೈದಾನದಲ್ಲಿ ಒಬ್ಬ ಮನುಷ್ಯ ಎದೆಯುಬ್ಬಿಸಿಕೊಂಡು, ಹಿಂದೆ ಎರಡು ಹಳದಿ ಪಟ್ಟಿ ಹೊತ್ತು, ಓಡಿಯೇ ಓಡುತ್ತಿದ್ದ. ನೀಲಿ ತಂಡದ ನಾಯಕ ಪಾಪ ಎಷ್ಟು ವಿನಯದಿಂದ ಬಳಿ ಬಂದ! ಆ ಮೂರ್ಖ ಅವನಿಗೆ ಕಾರ್ಡು ತೋರಿಸಿದ. ಗೋಲ್‌ಕೀಪರ್ ಅಷ್ಟು ಸ್ಪಷ್ಟವಾಗಿ ಕೈಯಾರೆ ತೋರಿಸಿಕೊಟ್ಟ. ಅವನಿಗೂ ಕಾರ್ಡು. ತರಬೇತುದಾರ ಟವೆಲ್ ತಂದ, ಅವನನ್ನು ಅಟ್ಟಿದ. ಸಾಹೇಬರ ರಕ್ತ ಮತ್ತೆ ಕುದಿಯತೊಡಗಿತು. ಇಂಥವನನ್ನು ಯಾರು ಫೈನಲ್‌ಗೆ ಹಾಕಿದ್ದು? ತಡೆಯಲಾರದೆ ಎರಡೂ ಕೈಯಿಂದ ಗಾಜು ಬಡಿದು ಕೂಗಿದರು.

"ಲೋ ರೆಫರೀ, ಹಿಂದೆ ನೋಡ್ಕೊಳ್ಳೋ!"

ಅತ್ತೆ ಟಿವಿಯಿಂದ ಕಣ್ಣು ತೆಗೆಯದೆ ಹಳದಿ ಕಾರ್ಡು ಎತ್ತಿದರು.